ಕೀತನ ಬಾಯಿಗೆ ಕರದಂಟು

ಕೋಚಿಂಗ್ ಕೆಲಸಕ್ಕೆ ಬರಬೇಕು ಅಂತ ಯಾರಾದರೂ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದರೆ ನಾನು ಕೇಳುವ ಮೊದಲ ಪ್ರಶ್ನೆ, ‘ನಿಮಗೆ ಸಿಟ್ಟು ಬಂದದ್ದು ಮೊದಲು ಯಾರಿಗೆ ಗೊತ್ತಾಗುತ್ತದೆ?’ ಹೆಚ್ಚಿನವರು, ‘ಯಾರಿಗೂ ಗೊತ್ತಾಗಲ್ಲ ಆಂಟಿ, ಐ ಆ್ಯಮ್ ವೆರಿ ಕಾಮ್’ ಅನ್ನುತ್ತಾರೆ. ಅಂಥವರಿಗೆ ಚಹಾ ಕೊಟ್ಟು, ಕೂಡಿಸಿಕೊಂಡು, ಕೀತನ ಕಥೆ ಹೇಳುತ್ತೇನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಹಾಗಾಗಿ ಈ ಸಲ ಬರೆದೇ ಬಿಡುತ್ತಿದ್ದೇನೆ.

ನಾನು ಸ್ಕಾರ್‌ಬರೋದ ಒಂದು ಕಮ್ಯೂನಿಟಿ ಸೆಂಟರಿನಲ್ಲಿ ಆಟ ಕಲಿಸುತ್ತಿದ್ದವಳು, ಈಗ ನಿವೃತ್ತಳು. ಪಾರ್ಟ್‌ಟೈಮ್ ಕೆಲಸ ಯಾವಾಗ ಫುಲ್‌ಟೈಮ್ ಆಯಿತು, ಯಾವ ಮ್ಯಾನೇಜರು ನನ್ನ ಹೆಸರಿನ ಮುಂದೆ ಏನು ಅಂಟಿಸಿದರು ಎಂಬುದನ್ನೆಲ್ಲ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ಹುಟ್ಟೂರು ಗೋಕಾಕ. ಧಾರವಾಡದಲ್ಲಿ ಓದುವಾಗ ಕಾಲೇಜಿಗೆ ಕಬಡ್ಡಿ ಆಡುತ್ತಿದ್ದೆ. ಎಡ ಮೂಲೆಯಲ್ಲಿ ನಿಂತು, ರೇಡ್ ಮಾಡಲು ಬಂದವಳ ಪಾದ ಹಿಡಿದು ಬಿಡದೆ ಇರುವುದು ನನ್ನ ಪಾಲಿನ ಕೆಲಸ. ಕೆನಡಾಕ್ಕೆ ಬಂದ ಮೇಲೆ ಆ ಸೆಂಟರಿನ ಜಿಮ್ಮಿನಲ್ಲಿ ಚಾಪೆ ಹಾಸಿ ನಮ್ಮ ಕಡೆಯ ಮಕ್ಕಳಿಗೆ ಅದನ್ನೇ ಹೇಳಿಕೊಡುತ್ತಿದ್ದೆ. ಮಕ್ಕಳ ತಾಯಂದಿರು ನನ್ನನ್ನು ‘ಗಿರಿಜಕ್ಕ’ ಅನ್ನುತ್ತಿದ್ದರು. ಉಳಿದವರೆಲ್ಲ ಅದನ್ನು ‘ಅಕ್ಕಾ’ ಮಾಡಿಕೊಂಡರು. ಆಮೇಲೆ ಜಮೈಕಾದವರಿಗೂ ಫಿಲಿಪೀನ್ಸಿನವರಿಗೂ ನಾನು ಅಕ್ಕನೇ.

ಒಂದು ಸಂಜೆ ಜಿಮ್ಮಿನ ಬಾಗಿಲಲ್ಲಿ ಒಬ್ಬ ಕೆಂಪು ಮುಖದ ಮುದುಕ ನಿಂತು ನೋಡುತ್ತಿದ್ದ. ಅವನೇ ಕೀತ್. ಇಂಗ್ಲೆಂಡಿನ ಉತ್ತರ ಭಾಗದ ಗಣಿ ಊರಿನವನು. ಹಗಲು ವಾನ್ ಎಂಬ ಊರಿನ ಒಂದು ಫ್ಯಾಕ್ಟರಿಯಲ್ಲಿ ಮಷೀನ್ ರಿಪೇರಿ, ಸಂಜೆ ನಮ್ಮ ಸೆಂಟರಿನ ಹಿಂದಿನ ಮೈದಾನದಲ್ಲಿ ಮಹಿಳೆಯರ ರಗ್ಬಿ ಲೀಗ್ ತಂಡಕ್ಕೆ ಕೋಚ್. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವನು, ಆದರೂ ಅವನ ಬಗ್ಗೆ ಬರೆಯುವಾಗ ಏಕವಚನವೇ ಬರುತ್ತದೆ. ಅದು ಪ್ರೀತಿಯ ಏಕವಚನ.

“ಆ ಕಾಲು ಹಿಡಿಯೋದನ್ನ ನನ್ನ ಹುಡುಗಿಯರಿಗೂ ಕಲಿಸ್ತೀಯಾ, ಲವ್?” ಅಂದ. ಅವನ ಊರಿನಲ್ಲಿ ಬಸ್ ಕಂಡಕ್ಟರಿನಿಂದ ಹಿಡಿದು ಡಾಕ್ಟರವರೆಗೆ ಎಲ್ಲರೂ ಎಲ್ಲರನ್ನೂ ಹಾಗೇ ಕರೆಯುತ್ತಾರಂತೆ. ನನಗೆ ಅದು ಗೊತ್ತಾಗುವ ತನಕ ನಾನು ಅವನನ್ನು ದುರುಗುಟ್ಟಿ ನೋಡುತ್ತಿದ್ದೆ.

ಮರುದಿನ ಮೈದಾನಕ್ಕೆ ಹೋದೆ. ಕಾಲಿಟ್ಟ ಕೂಡಲೇ ಅಲ್ಲಿ ಬಿದ್ದಿದ್ದ ಚೆಂಡಿಗೆ ನನ್ನ ಬೂಟು ತಾಗಿತು. ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಪುಸ್ತಕಕ್ಕೋ ಮನುಷ್ಯರಿಗೋ ಕಾಲು ತಾಗಿದರೆ ಹಾಗೆ ಮಾಡುವುದು ನಮಗೆ ಉಸಿರಾಡಿದ ಹಾಗೆ, ಆಡುವ ಚೆಂಡಿಗೂ ನಾವು ಹಾಗೇ ಮಾಡುತ್ತಿದ್ದೆವು. ಕೀತ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಈ ಆಟದಲ್ಲಿ ಅದನ್ನ ಒದೆಯೋದೇ, ಲವ್!” ಅಂದ. ಇಪ್ಪತ್ತು ಹುಡುಗಿಯರೂ ನಕ್ಕರು. ನಾನೂ ನಕ್ಕೆ, ಆದರೆ ಅಭ್ಯಾಸ ಬಿಡಲಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಕಡೆಗೆ ಹದಿಮೂರು ಜನ. ಚೆಂಡು ಹಿಡಿದವಳು ಓಡುತ್ತಾಳೆ, ಎದುರಿನವರು ಅವಳನ್ನು ಅಪ್ಪಿ ಕೆಡವುತ್ತಾರೆ. ಅದಕ್ಕೆ ಟ್ಯಾಕಲ್ ಅನ್ನುತ್ತಾರೆ. ಕೆಡವಿದ ಕೂಡಲೇ ಬಿಟ್ಟುಬಿಡಬೇಕು. ಬಿದ್ದವಳು ಎದ್ದು, ಪಾದದಿಂದ ಚೆಂಡನ್ನು ಹಿಂದಕ್ಕೆ ಉರುಳಿಸುತ್ತಾಳೆ, ಅವಳ ಹಿಂದಿನವಳು ಎತ್ತಿಕೊಂಡು ಆಟ ಮುಂದುವರಿಸುತ್ತಾಳೆ. ಆಗ ಕೆಡವಿದವಳು ಅವಳ ಎದುರಿಗೇ ಕಾವಲು ನಿಲ್ಲಬೇಕು. ಆ ಜಾಗಕ್ಕೆ ಮಾರ್ಕರ್ ಎಂದು ಹೆಸರು. ಉಳಿದವರು ಹತ್ತು ಮೀಟರ್ ಹಿಂದೆ ಸರಿಯಬೇಕು. ಹೀಗೆ ಆರು ಸಲ ಕೆಡವಿಸಿಕೊಂಡ ಮೇಲೆ ಚೆಂಡು ಎದುರಾಳಿಗಳ ಪಾಲು.

‘ಕೆಡವಿದ ಕೂಡಲೇ ಬಿಟ್ಟುಬಿಡಬೇಕು’ ಎಂಬ ಮಾತನ್ನು ಕೀತ್ ನನಗೆ ಹೇಳಿದ್ದ. ನನ್ನ ಕಿವಿಗೆ ಬಿದ್ದಿತ್ತು, ಕೈಗೆ ಇಳಿದಿರಲಿಲ್ಲ. ಕಬಡ್ಡಿಯಲ್ಲಿ ಹಿಡಿದ ಪಾದವನ್ನು ಬಿಟ್ಟವಳ ಮುಖ ಯಾರೂ ನೋಡುವುದಿಲ್ಲ. ರೇಡ್‌ಗೆ ಬಂದವಳ ದಮ್ಮು ಮುಗಿಯುವ ತನಕ, ಪ್ರಾಣ ಹೋದರೂ ಬಿಡಬಾರದು. ನಾನು ಹುಡುಗಿಯರಿಗೆ ಪಾದ ಹಿಡಿಯುವುದನ್ನು ಎಷ್ಟು ಚೆನ್ನಾಗಿ ಕಲಿಸಿದೆ ಎಂದರೆ, ಮೊದಲ ಮ್ಯಾಚಿನಲ್ಲಿ ನಮ್ಮವರು ಹಿಡಿದವರನ್ನು ಬಿಡಲೇ ಇಲ್ಲ. ಎದುರಾಳಿ ಹುಡುಗಿ ಏಳಲು ನೋಡುತ್ತಾಳೆ, ನಮ್ಮವಳು ಉಡದ ಹಾಗೆ ಕಾಲಿಗೆ ಅಂಟಿಕೊಂಡಿದ್ದಾಳೆ. ರೆಫರಿ ಸೀಟಿ ಊದಿ ಊದಿ ಸುಸ್ತಾದ. ಪೆನಾಲ್ಟಿ ಮೇಲೆ ಪೆನಾಲ್ಟಿ. ನಾನೋ ಗೆರೆಯಾಚೆ ನಿಂತು ‘ಬಿಡಬ್ಯಾಡ! ಬಿಡಬ್ಯಾಡ!’ ಎಂದು ಕನ್ನಡದಲ್ಲೇ ಕೂಗುತ್ತಿದ್ದೆ. ಕೀತನಿಗೆ ಕನ್ನಡ ಬರುವುದಿಲ್ಲ, ಆದರೂ ಅವನಿಗೆ ಚೆನ್ನಾಗಿ ಅರ್ಥವಾಗಿತ್ತು. ಮ್ಯಾಚು ಮುಗಿದ ಮೇಲೆ ಅವನು ನನಗೆ ಬೈದ ಬೈಗುಳಗಳಲ್ಲಿ ಅರ್ಧ ನನಗೆ ಇವತ್ತಿಗೂ ಗೊತ್ತಿಲ್ಲ. ಬೈದು ಮುಗಿಸಿ, ತಾನೇ ಕಾಫಿ ತಂದು ಕೊಟ್ಟ.

ಅವನು ಅಂಥವನೇ. ಸಿಟ್ಟು ಮೂಗಿನ ತುದಿಯಲ್ಲಿ, ಪ್ರೀತಿ ಅದರ ಹಿಂದೆಯೇ. ಕೊರೆಯುವ ಚಳಿಯಲ್ಲಿ ಹುಡುಗಿಯರನ್ನು ತನ್ನ ವ್ಯಾನಿನಲ್ಲಿ ಒಬ್ಬೊಬ್ಬರನ್ನೇ ಬಸ್ ಸ್ಟಾಪಿನವರೆಗೆ ಅಲ್ಲ, ಮನೆ ಬಾಗಿಲವರೆಗೆ ಬಿಟ್ಟು ಬರುತ್ತಿದ್ದ. ಆದರೆ ಗೆರೆಯ ಪಕ್ಕ ನಿಂತನೆಂದರೆ ಬೇರೆ ಮನುಷ್ಯ. ‘ಹಿಟ್ ಹರ್! ಹಿಟ್ ಹರ್!’ ಎಂದು ಕತ್ತಿನ ನರ ಉಬ್ಬಿಸಿಕೊಂಡು ಕೂಗುತ್ತಿದ್ದ. ಆಗಿನ ಕಾಲದ ಪ್ರಾಕ್ಟೀಸೂ ಹಾಗೇ ಇತ್ತು. ಇಬ್ಬರನ್ನು ಎದುರು ಬದುರು ನಿಲ್ಲಿಸಿ ಟಗರಿನ ಹಾಗೆ ಓಡಿಸಿ ಗುದ್ದಾಡಿಸುವುದು, ಯಾರು ಮೊದಲು ಹಿಂಜರಿಯುತ್ತಾಳೋ ಅವಳಿಗೆ ಮೈದಾನ ಸುತ್ತುವ ಶಿಕ್ಷೆ. ಈಗ ಅದೆಲ್ಲ ನಿಂತಿದೆ. ಟ್ಯಾಕಲ್ ಮಾಡುವ ಎತ್ತರ ಇಳಿದಿದೆ. ತಲೆಗೆ ಪೆಟ್ಟಾದರೆ ‘ಆಡ್ತೀಯಾ?’ ಎಂದು ಆಡುವವಳನ್ನು ಕೇಳುವ ಹಾಗಿಲ್ಲ, ಹೊರಗೆ ಕೂರಿಸಲೇಬೇಕು. ಹೊಸಬರು ಇದನ್ನು ಕಿರಿಕಿರಿ ಅಂದುಕೊಳ್ಳಬೇಡಿ. ನಾನು ಕಣ್ಣು ತಿರುಗಿದ ಹುಡುಗಿಯರನ್ನು ಮತ್ತೆ ಆಟಕ್ಕಿಳಿಸಿದ ಕಾಲವನ್ನೂ ನೋಡಿದ್ದೇನೆ.

ಈ ತಂಡಕ್ಕೆ ಬಂದವಳು ಶೆರೀಸ್. ಜಮೈಕಾ ಮೂಲದ ಕುಟುಂಬ, ಹುಟ್ಟಿದ್ದು ಬೆಳೆದದ್ದು ಸ್ಕಾರ್‌ಬರೋದಲ್ಲೇ. ವುಡ್‌ಬ್ರಿಡ್ಜಿನ ಒಂದು ವೇರ್‌ಹೌಸಿನಲ್ಲಿ ಶಿಫ್ಟು ಮುಗಿಸಿ, ಬಸ್ಸು, ಸಬ್‌ವೇ, ಮತ್ತೆ ಬಸ್ಸು ಹಿಡಿದು ಪ್ರಾಕ್ಟೀಸಿಗೆ ಬರುತ್ತಿದ್ದಳು. ಅಷ್ಟು ದೂರದಿಂದ ಬಂದರೂ ಎಲ್ಲರಿಗಿಂತ ಮೊದಲು ಬೂಟು ಕಟ್ಟಿ ನಿಂತಿರುತ್ತಿದ್ದಳು. ಅವಳಷ್ಟು ಚೆಂದ ಪಾದ ಹಿಡಿಯುವವಳನ್ನು ನಾನು ಧಾರವಾಡದಲ್ಲೂ ನೋಡಿರಲಿಲ್ಲ. ‘ಯಾಕಮ್ಮ ಇಷ್ಟು ಒದ್ದಾಡ್ತೀ, ವಾರಕ್ಕೆ ಒಂದು ದಿನ ರೆಸ್ಟ್ ತಗೋ’ ಎಂದು ಒಮ್ಮೆ ಹೇಳಿದೆ.

“ಅಕ್ಕಾ, ವಾರವೆಲ್ಲ ಸೂಪರ್‌ವೈಸರಿಗೆ ಯೆಸ್ ಯೆಸ್ ಅಂತೀನಿ,” ಅಂದಳು. “ಎದುರಿಗೆ ಬಂದವರನ್ನ ತಡೆದು ನಿಲ್ಲಿಸಬಹುದಾದ ಜಾಗ ನನಗೆ ಇದೊಂದೇ.”

ಆ ಮಾತು ನನ್ನ ಎದೆಗೆ ನಾಟಿತು. ಆದರೆ ಅವಳ ಸಿಟ್ಟೂ ಅಷ್ಟೇ ದೊಡ್ಡದು. ಪಿತ್ತ ನೆತ್ತಿಗೇರುವ ಮುಂಚೆ ಅವಳು ಹಲ್ಲಿಗೆ ಪೆಟ್ಟಾಗದಂತೆ ಹಾಕಿಕೊಂಡ ಗಾರ್ಡನ್ನು ಪಕ್ಕಕ್ಕೆ ತಳ್ಳಿ ಕಚಕಚ ಕಡಿಯುತ್ತಿದ್ದಳು. ಅದು ಕಂಡ ಕೂಡಲೇ ನಾನು ನೀರಿನ ಬಾಟಲಿ ಹಿಡಿದು ಮೈದಾನದೊಳಗೆ ಓಡುತ್ತಿದ್ದೆ. ನೀರು ನೆಪ. ಇದನ್ನು ಯಾವ ಕೋಚಿಂಗ್ ಕೋರ್ಸಿನಲ್ಲೂ ಹೇಳುವುದಿಲ್ಲ, ನೀವು ಕಲಿಯಿರಿ: ಚೆಂಡು ನೋಡುವವರು ಬೇಕಾದಷ್ಟು ಜನ ಇರುತ್ತಾರೆ, ನೀವು ಮುಖಗಳನ್ನು ನೋಡಿ.

ಒಂದು ಮ್ಯಾಚಿನಲ್ಲಿ ನನ್ನ ನೀರು ತಡವಾಯಿತು. ಎದುರು ತಂಡದಲ್ಲಿ ಮೇಗನ್ ಎಂಬ ಗಟ್ಟಿಮುಟ್ಟಾದ ಹುಡುಗಿ ಇದ್ದಳು. ಟ್ಯಾಕಲ್ ಮಾಡಿ ಏಳುವಾಗ ಅವಳು ಶೆರೀಸಳನ್ನು ನೂಕಿದಳು. ಶೆರೀಸ್ ಮುಷ್ಟಿ ಬಿಗಿದು ಅವಳ ದವಡೆಗೇ ಕೊಟ್ಟಳು. ರೆಫರಿ ಅವಳನ್ನು ಹೊರಗೆ ಕಳಿಸಿದ. ಲೀಗಿನ ಶಿಸ್ತು ಸಮಿತಿಯಿಂದ ಕರೆ ಬಂತು. ಆ ವರ್ಷ ಅವಳನ್ನು ಹೊರಗೆ ಕಳಿಸಿದ್ದು ಅದು ಮೊದಲ ಸಲವೇನಲ್ಲ. ಲೀಗಿನಿಂದಲೇ ತೆಗೆದುಹಾಕಿದರೆ ಆಟ ಮುಗಿದ ಹಾಗೆ, ಯಾಕೆಂದರೆ ನಮ್ಮ ಸುತ್ತಮುತ್ತ ಹೆಂಗಸರಿಗೆ ಬೇರೆ ಲೀಗೇ ಇರಲಿಲ್ಲ.

ಆ ಮ್ಯಾಚಿಗೆ ನಮ್ಮ ಮನೆಯವರು ಬಂದಿದ್ದರು. ಫೋನಿನಲ್ಲಿ ವಿಡಿಯೋ ತೆಗೆಯಿರಿ, ಹುಡುಗಿಯರಿಗೆ ತಪ್ಪು ತೋರಿಸಲು ಬೇಕು ಅಂದಿದ್ದೆ. ರಾತ್ರಿ ಊಟ ಮಾಡುತ್ತ ನೋಡಿದರೆ ಚೌಕಟ್ಟಿನ ತುಂಬ ಕೀತ್! ಹುಡುಗಿಯರು ಅವನ ಹೆಗಲಿನಾಚೆ ಸಣ್ಣದಾಗಿ ಕಾಣುತ್ತಿದ್ದರು.

“ರೀ, ಹುಡುಗ್ಯಾರ ಆಟ ತಗೀರಿ ಅಂದ್ರ ಆ ಮುದುಕನ್ನ ಯಾಕ ತಗದೀರಿ?”

“ಹುಡುಗ್ಯಾರು ಎತ್ತಾಗ ಓಡ್ತಾರ, ಯಾಕ ಓಡ್ತಾರ, ನನಗೇನ ತಿಳೀವಲ್ದು. ಇಂವಾ ಒಂದ ಕಡೆ ನಿಂತ ಒದರ್ತಾನ, ವಿಡಿಯೋ ಚಂದ ಬರ್ತೈತಿ. ಇವನ್ನ ನೋಡಾಕ ಟಿಕೀಟ ಇಟ್ರೂ ಬರ್ತೀನಿ ನಾ.”

ಬೈಯಬೇಕೆಂದು ಬಾಯಿ ತೆಗೆದವಳು ವಿಡಿಯೋವನ್ನು ಇನ್ನೊಮ್ಮೆ ಹಾಕಿದೆ. ಕೀತ್ ಒಮ್ಮೆ ‘ಹಿಟ್ ಹರ್’ ಎಂದು ಕೂಗುತ್ತಾನೆ, ಅವನ ಹೆಗಲಿನಾಚೆ ನಮ್ಮ ಹುಡುಗಿಯರ ಕೈಗಳು ಸೊಂಟದಿಂದ ಎದೆಗೆ ಏರುತ್ತವೆ. ಇನ್ನೊಮ್ಮೆ ಕೂಗುತ್ತಾನೆ, ಕೈಗಳು ಕುತ್ತಿಗೆಗೆ ಏರುತ್ತವೆ. ಮೂರನೆಯ ಕೂಗಿಗೆ ಶೆರೀಸಳ ಬೆರಳುಗಳು ಮುಷ್ಟಿಯಾಗಿವೆ. ಅವನ ಬಾಯಿಗೂ ಅವರ ಕೈಗಳಿಗೂ ಹಗ್ಗ ಕಟ್ಟಿದ ಹಾಗಿತ್ತು.

ಮರುದಿನ ಕೀತನನ್ನು ಅವನ ವ್ಯಾನಿನಲ್ಲೇ ಕೂರಿಸಿ ಅದನ್ನು ತೋರಿಸಿದೆ. ಮೊದಲು ತನ್ನ ಟೋಪಿ ಚೆನ್ನಾಗಿ ಕಾಣುತ್ತಿಲ್ಲ ಎಂದು ತಮಾಷೆ ಮಾಡಿದ. ಆಮೇಲೆ ಮತ್ತೆ ಹಾಕು ಅಂದ. ಮೂರನೆಯ ಸಲ ನೋಡುವಾಗ ಸೌಂಡ್ ತೆಗೆದು ನೋಡಿದ. ವ್ಯಾನ್ ಸ್ಟಾರ್ಟ್ ಮಾಡಿ ನನ್ನನ್ನು ಮನೆಗೆ ಬಿಟ್ಟ.

ಸಮಿತಿಯ ಮುಂದೆ ನಾವು ಮೂವರೂ ಹೋದೆವು. ಶೆರೀಸ್ ತಲೆ ತಗ್ಗಿಸಿ ಕೂತಿದ್ದಳು. ಅಧ್ಯಕ್ಷೆ ಒಳ್ಳೆಯ ಹೆಂಗಸೇ, ಆದರೆ ಅವಳಿಗೂ ಬೇಸರವಾಗಿತ್ತು. “ಈ ಹುಡುಗಿಗೆ ಇದನ್ನೆಲ್ಲ ಯಾರು ಕಲಿಸಿದರು?” ಅಂದಳು. ಅದು ಉತ್ತರ ಬಯಸಿ ಕೇಳಿದ ಪ್ರಶ್ನೆಯಲ್ಲ. ಆದರೆ ಕೀತ್ ಎದ್ದು ನಿಂತ.

“ನಾನು,” ಅಂದ. “ನಾನು ಕೂಗ್ತೀನಿ, ಅವಳು ಹೊಡೀತಾಳೆ. ಬೇಕಾದರೆ ವಿಡಿಯೋ ಇದೆ.”

ಶೆರೀಸ್ ತಲೆಯೆತ್ತಿ ಅವನನ್ನೇ ನೋಡಿದಳು. ಸಮಿತಿಯವರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಕೆಲವು ಮ್ಯಾಚಿನ ಮಟ್ಟಿಗೆ ಅವಳನ್ನು ಹೊರಗಿಟ್ಟರು. ಇನ್ನೊಂದು ಸಲ ರೆಫರಿ ಮೈದಾನದಿಂದ ಕಳಿಸಿದರೆ ಈ ಲೀಗಿನಲ್ಲಿ ಮತ್ತೆ ಹೆಸರು ಬರೆಸುವ ಹಾಗಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಹೊರಗೆ ಬಂದ ಮೇಲೆ ಶೆರೀಸ್ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಈಗ ನನ್ನ ಮುಂದೆ ಎರಡು ಕೆಲಸ ಇದ್ದವು. ಶೆರೀಸಳ ಕೈ ಮತ್ತು ಕೀತನ ಬಾಯಿ.

ಶೆರೀಸಳಿಗೆ ನಮ್ಮ ದಮ್ಮು ಕಲಿಸಿದೆ. ಟ್ಯಾಕಲ್ ಆದ ಮೇಲೆ ಹತ್ತು ಮೀಟರ್ ಹಿಂದೆ ಸರಿಯುವಾಗ ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಅನ್ನುತ್ತ ಹೋಗು ಅಂದೆ. ಸಿಟ್ಟು ಬಂದವರಿಗೆ ದಮ್ಮು ನಿಲ್ಲುವುದಿಲ್ಲ, ದಮ್ಮು ಹಿಡಿದವರಿಗೆ ಬೈಯಲು ಬಾಯಿ ಖಾಲಿ ಇರುವುದಿಲ್ಲ. ಮೊದಲು ನಾಚಿಕೊಂಡಳು. ಆಮೇಲೆ ಇಡೀ ತಂಡವೇ ಶುರು ಮಾಡಿತು. ಹನ್ನೆರಡು ಹುಡುಗಿಯರು ಗುನುಗುಟ್ಟುತ್ತ ಹಿಂದೆ ಹಿಂದೆ ನಡೆಯುವುದನ್ನು ನೋಡಿ ಎದುರಿನ ತಂಡದವರು, ಇವರು ಮಾಟ ಮಾಡುತ್ತಿದ್ದಾರೆ ಎಂದು ರೆಫರಿಗೆ ದೂರು ಕೊಟ್ಟರು. ರೆಫರಿ ನಿಯಮದ ಪುಸ್ತಕ ಹುಡುಕಿ, ಮಾಟಕ್ಕೆ ಪೆನಾಲ್ಟಿ ಇಲ್ಲ ಅಂದ.

ಕೀತನದು ಕಷ್ಟವಾಯಿತು. ಸುಮ್ಮನಿರುತ್ತೇನೆ ಎಂದು ಮಾತು ಕೊಟ್ಟಿದ್ದ, ಆದರೆ ಆಟ ಶುರುವಾದ ಐದು ನಿಮಿಷಕ್ಕೆ ಮಾತು ಮರೆಯುತ್ತಿದ್ದ. ಚೂಯಿಂಗ್ ಗಮ್ ಕೊಟ್ಟು ನೋಡಿದೆ. ಅದನ್ನು ಕೆನ್ನೆಗೆ ಸರಿಸಿಕೊಂಡು ಕೂಗಿದ. ಅಷ್ಟರಲ್ಲಿ ಊರಿಂದ ಬಂದವರು ಯಾರೋ ಕರದಂಟು ತಂದುಕೊಟ್ಟರು. ನಮ್ಮ ಗೋಕಾಕದ ಕರದಂಟು ತಿಂದವರಿಗೆ ಗೊತ್ತು. ಬೆಲ್ಲ, ಅಂಟು, ಒಣ ಹಣ್ಣು ಎಲ್ಲ ಸೇರಿ ಹಲ್ಲಿಗೆ ಕಚ್ಚಿಕೊಂಡರೆ ದವಡೆ ಬಿಡಿಸಲು ಸಮಯ ಬೇಕು. ನಾನು ಒಂದು ಡಬ್ಬಿಯಲ್ಲಿ ತುಂಬಿಕೊಳ್ಳುವುದನ್ನು ನೋಡಿ ನಮ್ಮ ಮನೆಯವರು ಗಾಬರಿಯಾದರು.

“ಆ ಮುದುಕಗ ಕರದಂಟ ಕೊಡ್ತೀಯೇನ? ಹಲ್ಲಿನ ಸೆಟ್ಟ ಕಿತ್ತ ಕೈಯಾಗ ಬರ್ತೈತಿ ನೋಡ!”

“ಬರ್ಲಿ ಬಿಡ್ರಿ. ಹುಡುಗೀ ಉಳೀತಾಳ.”

ಕೀತನಿಗೆ ಕರದಂಟು ಬಹಳ ಹಿಡಿಸಿತು. ಕತ್ತಿನ ನರ ಉಬ್ಬುವುದು ಕಂಡ ಕೂಡಲೇ ನಾನು ಒಂದು ತುಂಡು ಕೈಗಿಡುತ್ತಿದ್ದೆ, ಅವನು ವಿಧೇಯ ಮಗುವಿನ ಹಾಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಕೂಗು ಬರುತ್ತಿತ್ತು, ಆದರೆ ‘ಉಂ! ಉಂ!’ ಎಂದಷ್ಟೇ. ಹುಡುಗಿಯರ ಕೈಗಳು ಸೊಂಟದ ಎತ್ತರಕ್ಕೆ ಇಳಿದವು. ಆಮೇಲೆ ಡಬ್ಬಿಯನ್ನು ಅವನೇ ಹಿಡಿದುಕೊಳ್ಳತೊಡಗಿದ.

ಆ ಸೀಸನ್ನಿನ ಕೊನೆಯ ಮ್ಯಾಚು ಮತ್ತೆ ಮೇಗನ್ ತಂಡದ ಮೇಲೆ. ಶೆರೀಸಳ ಶಿಕ್ಷೆ ಮುಗಿದಿತ್ತು, ಎಚ್ಚರಿಕೆ ಹಾಗೇ ಇತ್ತು. ಅವಳನ್ನು ಆಡಿಸಬೇಕೋ ಬೇಡವೋ ಎಂದು ನನಗೆ ತಿಳಿಯಲಿಲ್ಲ. ಅವಳೇ, “ಇವತ್ತು ಹೊರಗೆ ಕೂರಿಸಿದರೆ ಯಾವತ್ತೂ ಕೂರಿಸಬೇಕಾಗುತ್ತೆ ಅಕ್ಕಾ,” ಅಂದಳು. ಆಡಿಸಿದೆವು. ದಮ್ಮು ಹಿಡಿದು ಚೆಂದ ಆಡಿದಳು. ಕೊನೆಯ ನಿಮಿಷಗಳ ಹೊತ್ತಿಗೆ ನಾವು ನಾಲ್ಕು ಪಾಯಿಂಟು ಮುಂದಿದ್ದೆವು.

ಮೇಗನ್ ಚೆಂಡು ಹಿಡಿದು ನಮ್ಮ ಗೆರೆಯ ಕಡೆ ನುಗ್ಗಿದಳು. ಶೆರೀಸ್ ಹಾರಿ ಅವಳ ಪಾದ ಹಿಡಿದು ಕೆಡವಿದಳು, ಕೂಡಲೇ ಬಿಟ್ಟಳು. ಏಳುವಾಗ ಅವಳ ಬೂಟು ಮೇಗನ್‌ಳ ಕೈಬೆರಳುಗಳ ಮೇಲೆ ಬಿತ್ತು. ಬೇಕೆಂದು ತುಳಿದದ್ದಲ್ಲ. ಆದರೆ ಮೇಗನ್ ಕಿರುಚಿ ಎದ್ದಳು, ಮುಖಕ್ಕೆ ಮುಖ ಕೊಟ್ಟು ಏನೋ ಅಂದಳು. ಏನಂದಳು ಎಂದು ಶೆರೀಸ್ ಇವತ್ತಿಗೂ ಹೇಳಿಲ್ಲ. ಅವಳ ಹಲ್ಲಿನ ಗಾರ್ಡು ಪಕ್ಕಕ್ಕೆ ಸರಿದದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು. ರೆಫರಿ ಸೀಟಿಯನ್ನು ಬಾಯಿಗಿಟ್ಟು, ಕಾರ್ಡಿನ ಜೇಬಿಗೆ ಕೈ ಹಾಕಿ ಓಡಿ ಬರುತ್ತಿದ್ದ. ನೀರಿನ ಬಾಟಲಿ ನನ್ನ ಕೈಯಲ್ಲೇ ಇತ್ತು, ಓಡಿ ತಲುಪುವಷ್ಟು ಹೊತ್ತಿರಲಿಲ್ಲ. ಕೀತನ ಬಾಯಿ ತುಂಬ ಕರದಂಟು.

ಶೆರೀಸಳ ಕೈ ಎದ್ದಿತು. ಮುಂದಕ್ಕೆ ಬಂದು ಮೇಗನ್‌ಳ ತೋಳನ್ನು ಮೆಲ್ಲಗೆ ಮುಟ್ಟಿತು. ಆಮೇಲೆ ಅದೇ ಕೈಯನ್ನು ಅವಳು ತನ್ನ ಕಣ್ಣಿಗೊತ್ತಿಕೊಂಡಳು.

ಮೇಗನ್ ಕಕ್ಕಾಬಿಕ್ಕಿಯಾದಳು. ರೆಫರಿ ನಿಂತ. ಅವನ ಕೈ ಜೇಬಿನಿಂದ ಬರಿದಾಗಿ ಹೊರಗೆ ಬಂತು. ಸೀಟಿ ಊದಲಿಲ್ಲ, ಅಂದರೆ ಆಟ ನಿಂತಿಲ್ಲ ಎಂದು ಅರ್ಥ. ಮೇಗನ್‌ಗೆ ಅದು ಮೊದಲು ಹೊಳೆಯಿತು. ಪಾದದಿಂದ ಚೆಂಡನ್ನು ಹಿಂದಕ್ಕೆ ಉರುಳಿಸಿದಳು. ಹಿಂದಿನವಳು ಎತ್ತಿಕೊಂಡು, ಮಾರ್ಕರ್ ನಿಂತು ಕಾಯಬೇಕಾಗಿದ್ದ ಜಾಗದಿಂದಲೇ ನುಗ್ಗಿದಳು. ಅಲ್ಲಿ ಕಾಯಬೇಕಾದವಳು ಕಣ್ಣಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅವರು ಗೆರೆ ದಾಟಿ ಚೆಂಡು ನೆಲಕ್ಕೊತ್ತಿ ನಾಲ್ಕು ಪಾಯಿಂಟು ಪಡೆದರು, ಮೇಲಿನ ಎರಡು ಪಾಯಿಂಟಿನ ಕಿಕ್ಕೂ ಹೊಡೆದರು. ನಾವು ಸೋತೆವು. ಶೆರೀಸ್ ಲೀಗಿನಲ್ಲಿ ಉಳಿದಳು.

ಕೀತ್ ಗೆರೆ ದಾಟಿ ಅವಳ ಕಡೆ ನಡೆದ. ಮಾರ್ಕರ್ ಜಾಗ ಬಿಟ್ಟವರನ್ನು ಅವನು ಜನ್ಮದಲ್ಲಿ ಕ್ಷಮಿಸಿದವನಲ್ಲ. ನಾನು ಹಿಂದೆಯೇ ಓಡಿದೆ. ಬಾಯಲ್ಲಿದ್ದದ್ದನ್ನು ನುಂಗಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

“ನೀನು ಮಾರ್ಕರ್ ಬಿಟ್ಟೆ,” ಅಂದ ಶೆರೀಸಳಿಗೆ.

“ಗೊತ್ತು, ಕೀತ್.”

“ಮ್ಯಾಚು ಹೋಯಿತು.”

“ಗೊತ್ತು.”

ಅವನು ನನ್ನ ಕಡೆ ತಿರುಗಿದ. “ಕಣ್ಣಿಗೆ ಕೈಯಿಟ್ಟುಕೊಂಡಳಲ್ಲ, ಅದೇನು ಲವ್?”

“ಕಾಲು ತಾಗಿದರೆ ನಮ್ಮಲ್ಲಿ ಹಾಗೆ ತಪ್ಪಾಯಿತು ಅಂತೀವಿ.”

“ನೀನು ಕಲಿಸಿದ್ದಾ?”

“ಇಲ್ಲಪ್ಪ! ಆಟದ ನಡುವೆ ಅದನ್ನ ಯಾರಾದರೂ ಕಲಿಸ್ತಾರಾ?”

“ಅಕ್ಕ ಕಲಿಸಿಲ್ಲ,” ಅಂದಳು ಶೆರೀಸ್. “ಮಾಡ್ತಾರೆ, ಅಷ್ಟೇ. ಬಾಲಿಗೆ ಕಾಲು ತಾಗಿದರೆ ಬಾಲಿಗೆ. ನಮ್ಮ ಬ್ಯಾಗಿಗೆ ತಾಗಿದರೆ ಬ್ಯಾಗಿಗೆ. ನಾನು ಬಂದ ಮೊದಲನೇ ವಾರ ಬೆಂಚಿನ ಹತ್ತಿರ ನನ್ನ ಕಾಲಿಗೆ ಅವರ ಕಾಲು ತಾಗಿತ್ತು. ನನಗೂ ಮಾಡಿದರು. ನನಗೆ ಅಲ್ಲಿವರೆಗೆ ಯಾರೂ ಸಾರಿ ಅಂದಿರಲಿಲ್ಲ.”

ನನಗೆ ಅದು ನೆನಪೇ ಇರಲಿಲ್ಲ. ಎಷ್ಟು ಯೋಚಿಸಿದರೂ ಇವತ್ತಿಗೂ ನೆನಪಾಗಿಲ್ಲ. ಅವಳಿಗೆ ಕಾಲು ಹಿಡಿಯುವುದು ಕಲಿಸಿದ್ದು, ಬಿಡುವುದು ಕಲಿಸಿದ್ದು, ದಮ್ಮು ಕಲಿಸಿದ್ದು ಎಲ್ಲ ನೆನಪಿದೆ. ಕಣ್ಣು ತುಂಬಿ ಬಂತು, ಬಾಟಲಿಯ ನೀರು ಕುಡಿದೆ.

ಕೀತ್ ಬೂಟಿನ ತುದಿ ನೋಡುತ್ತ ನಿಂತಿದ್ದ. ಇಷ್ಟು ವರ್ಷ ಆ ಹುಡುಗಿಯ ಮೇಲೆ ಎಷ್ಟು ಕೂಗಿದ್ದನೋ ಅವನಿಗೇ ಗೊತ್ತು. ಆಮೇಲೆ ಬಗ್ಗಿದ ಹಾಗೆ ಮಾಡಿ, ಅವಳ ಹೆಗಲನ್ನು ಮುಟ್ಟಿ, ಆ ಕೈಯನ್ನು ತನ್ನ ಕಣ್ಣಿಗೆ ಒತ್ತಿಕೊಂಡ. ಒಂದು ಕಣ್ಣಿಗೆ ಸರಿಯಾಗಿ ತಾಗಿತು, ಇನ್ನೊಂದರ ಬದಲು ಹುಬ್ಬಿಗೆ ತಾಗಿತು. ಮಾಡಿದ್ದು ಎಡಗೈಯಲ್ಲಿ, ಬಲಗೈಯಲ್ಲಿ ಕರದಂಟಿನ ಡಬ್ಬಿ ಇತ್ತು.

ಹಾಗೆ ಎಡಗೈಯಲ್ಲಿ ಮಾಡಬಾರದು. ಇನ್ನೊಬ್ಬರ ಕೈ ಎಲ್ಲಿರಬೇಕು, ಹೇಗಿರಬೇಕು ಎಂದು ತಿದ್ದುವುದೇ ನನ್ನ ಹೊಟ್ಟೆಪಾಡಾಗಿತ್ತು. ಅವತ್ತು ತಿದ್ದಲಿಲ್ಲ.